ಬಲಿಪ ನಾರಾಯಣ ಭಾಗವತರ ಹಾಡುಗಾರಿಕೆ: ಧ್ವನಿಸುರುಳಿ ಮತ್ತು ಕೇಳುಗ

೧

ತೆಂಕುತಿಟ್ಟಿನ ಯಕ್ಷಗಾನ ಭಾಗವತರಲ್ಲಿ ಅಗ್ರಗಣ್ಯರೆನಿಸಿದ್ದ ಬಲಿಪ ನಾರಾಯಣ ಭಾಗವತರು ೧೯೩೮ರಲ್ಲಿ ಕಾಸರಗೋಡು ಸೀಮೆಯ ಪಡ್ರೆಯಲ್ಲಿ ಜನಿಸಿದರು. ಮೂಡಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲಸಿ, ಕಟೀಲು ಮೇಳದಲ್ಲಿ ಹಲವು ದಶಕಗಳ ಕಾಲ ಹಾಡಿ, ೨೦೨೩ರ ಫೆಬ್ರವರಿ ೧೬ರಂದು ತೀರಿಕೊಂಡರು. ಅಜ್ಜ ಹಿರಿಯ ಬಲಿಪ ನಾರಾಯಣ ಭಾಗವತರಿಂದ ಅವರಿಗೆ ಬಂದ ಹಾಡುಗಾರಿಕೆಯ ಕ್ರಮವನ್ನು ಜನರು ‘ಬಲಿಪ ಶೈಲಿ’ ಎಂದೇ ಕರೆದರು. ಭಾಗವತರು ಇಲ್ಲವಾದ ಮೇಲೆಯೂ ಅವರ ಧ್ವನಿಯು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮನೆಗಳಲ್ಲಿ ಕೇಳಿಬರುತ್ತಿದೆ. ಹಳೆಯ ಧ್ವನಿಸುರುಳಿಯಿಂದ ಸಿ.ಡಿ.ಗೂ, ಅಲ್ಲಿಂದ ಅಂಗೈಯ ಮೊಬೈಲಿಗೂ ಅದು ದಾಟಿ ಬಂದಿದೆ. ಯಂತ್ರಗಳು ಎರಡು ಸಲ ಬದಲಾದರೂ ಕೇಳುಗರು ಆ ಧ್ವನಿಯನ್ನು ಬಿಟ್ಟುಕೊಟ್ಟಿಲ್ಲ.

ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಒಂದೇ ಪ್ರಶ್ನೆಯನ್ನು. ಈ ಧ್ವನಿಮುದ್ರಣಗಳಲ್ಲಿ ಕೇಳುಗನನ್ನು ಹಿಡಿದು ನಿಲ್ಲಿಸುವ ಗುಣ ಯಾವುದು? ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರಗಳು ದೊರೆಯುತ್ತವೆ. ಭಾಗವತರದು ಕಂಚಿನ ಕಂಠ ಎಂಬುದು ಒಂದು. ಕೇಳುಗರಿಗೆ ಅದು ತಮ್ಮ ಬಾಲ್ಯದ ನೆನಪು ಎಂಬುದು ಇನ್ನೊಂದು. ಕಟೀಲು ಮೇಳದ ಭಾಗವತರಾದ್ದರಿಂದ ದೇವಿಯ ಮೇಲಣ ಭಕ್ತಿಯೇ ಹಾಡಿನ ಮೇಲಣ ಪ್ರೀತಿಯಾಗಿ ಪರಿಣಮಿಸಿದೆ ಎಂಬುದು ಮತ್ತೊಂದು. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೂರನ್ನೂ ಕೂಡಿಸಿದರೂ ಉತ್ತರ ಪೂರ್ಣವಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಬಲಿಪರ ಹಾಡುಗಾರಿಕೆಯ ಮುಖ್ಯ ಆಕರ್ಷಣೆಯು ಅದರಲ್ಲಿ ಪದ್ಯದ ಮಾತು ಕೇಳುಗನ ಕಿವಿಗೆ ಮುಕ್ಕಾಗದೆ ತಲಪುತ್ತದೆ ಎಂಬುದರಲ್ಲಿದೆ. ಈ ಗುಣವನ್ನು ಮೆಚ್ಚುವ ಕಿವಿಯು ಹಂಬಲದಿಂದ ಹುಟ್ಟಿದ್ದಲ್ಲ. ಈ ಸೀಮೆಯ ಇತಿಹಾಸವು ರೂಪಿಸಿದ ವಿವೇಚನೆ ಅದು. ಸಂಗೀತಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಇತಿಹಾಸದ ಅಧ್ಯಾಪಕರು ಒಂದು ದಾಖಲೆಯನ್ನು ನೋಡುವ ಬಗೆಯಲ್ಲಿ ಈ ಧ್ವನಿಮುದ್ರಣಗಳನ್ನು ನೋಡುವುದಷ್ಟೇ ನಮ್ಮ ಉದ್ದೇಶ.

೨

ಮೊದಲು ಕೇಳುಗನ ನೆಲೆಯನ್ನು ಗಮನಿಸಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಒಳನಾಡಿನಲ್ಲಿ ಊರೆಂದರೆ ಸಾಲುಮನೆಗಳ ಕೇರಿಯಲ್ಲ. ಬಯಲು ಸೀಮೆಯ ಗ್ರಾಮದಂತೆ ಇಲ್ಲಿ ಮನೆಗಳು ಒಂದಕ್ಕೊಂದು ತಾಗಿ ನಿಂತಿಲ್ಲ. ಗುಡ್ಡದ ಇಳಿಜಾರಿನಲ್ಲಿ ಒಂದು ಮನೆ, ಕೆಳಗೆ ಬೈಲಿನ ಗದ್ದೆ, ತೋಡಿನ ಆಚೆ ಅಡಕೆಯ ತೋಟ, ಅದರ ಮೇಲೆ ಇನ್ನೊಂದು ಮನೆ. ಇಂತಹ ನಾಡಿನಲ್ಲಿ ಜನರನ್ನು ಒಂದೆಡೆ ಕೂಡಿಸುವ ಸಾಧನ ಶಬ್ದವೇ ಆಗಿತ್ತು. ಆಟವಿರುವ ದಿನ ಸಂಜೆ ಚೆಂಡೆ ಮದ್ದಳೆಗಳಿಂದ ‘ಕೇಳಿ’ ಬಾರಿಸಿದರೆ ಅದೇ ಕರೆಯೋಲೆ. ದೀವಟಿಗೆಯ ಕಾಲದಲ್ಲಿಯೂ, ಅದರ ತರುವಾಯ ಬಂದ ಗ್ಯಾಸಿನ ದೀಪದ ಕಾಲದಲ್ಲಿಯೂ ಧ್ವನಿವರ್ಧಕವಿರಲಿಲ್ಲ. ಗದ್ದೆಯಲ್ಲಿ ಹಾಕಿದ ರಂಗಸ್ಥಳದಿಂದ ಕಟ್ಟಕಡೆಯ ಪ್ರೇಕ್ಷಕನವರೆಗೆ ಮಾತನ್ನು ಮುಟ್ಟಿಸುವ ಹೊಣೆ ಭಾಗವತನ ಕೊರಳಿನದು. ಏರುಶ್ರುತಿಯ ಹಾಡುಗಾರಿಕೆ ಈ ಅಗತ್ಯದಿಂದ ಬೆಳೆದು ಬಂದದ್ದೆಂದು ಊಹಿಸುವುದು ಅಸಂಗತವಾಗಲಾರದು. ಚೆಂಡೆಯ ಅಬ್ಬರದಡಿಯಲ್ಲಿ ಹೂತುಹೋಗದೆ ಅದರ ಮೇಲೆ ತೇಲಿ ನಿಲ್ಲಬೇಕಾದರೆ ಧ್ವನಿಯು ಮೇಲಣ ಸ್ಥಾಯಿಯಲ್ಲಿಯೇ ಇರಬೇಕು.

ಎರಡನೆಯದಾಗಿ ಭಾಷೆಯ ಸಂಗತಿ. ಈ ಮೂರು ತಾಲೂಕುಗಳಲ್ಲಿ ಬಹುಜನರ ಮನೆಮಾತು ತುಳು. ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡಗಳನ್ನಾಡುವವರೂ ಇದ್ದಾರೆ. ಆದರೆ ಕಟೀಲು, ಧರ್ಮಸ್ಥಳ ಮೊದಲಾದ ಕ್ಷೇತ್ರಗಳ ಮೇಳಗಳು ಆಡಿದ ಪೌರಾಣಿಕ ಪ್ರಸಂಗಗಳು ಕನ್ನಡದವು. ಅದೂ ಆಡುಗನ್ನಡವಲ್ಲ, ಭಾಮಿನಿ, ವಾರ್ಧಕ, ಕಂದ, ದ್ವಿಪದಿಗಳ ಗ್ರಾಂಥಿಕ ಕನ್ನಡ. ಕುಮಾರವ್ಯಾಸನ ಭಾಮಿನಿಯನ್ನೂ ಲಕ್ಷ್ಮೀಶನ ವಾರ್ಧಕವನ್ನೂ ನಮ್ಮ ವಿದ್ಯಾರ್ಥಿಗಳು ಇಂದು ತರಗತಿಯಲ್ಲಿ ಕಷ್ಟಪಟ್ಟು ಬಿಡಿಸಿ ಓದುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಒಕ್ಕಲಿನವನು ಅದೇ ಛಂದಸ್ಸುಗಳನ್ನು ರಾತ್ರಿಯೆಲ್ಲ ಕೇಳಿ ಬೆಳಗ್ಗೆ ಮನೆಗೆ ಹೋಗಿ ಕಥೆ ಹೇಳುತ್ತಿದ್ದನು. ತನ್ನ ಮನೆಮಾತಲ್ಲದ ಒಂದು ಭಾಷೆಯ ಹಳಗಾಲದ ರೂಪ ಅವನಿಗೆ ಒಲಿದದ್ದು ಹೇಗೆ? ಅರ್ಥಧಾರಿಯು ಪದ್ಯವನ್ನು ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದನೆಂಬುದು ಒಂದು ಕಾರಣ. ಆದರೆ ಆ ಮಾತಿಗಿಂತ ಮುಂಚೆ ಪದ್ಯವು ಅಕ್ಷರಅಕ್ಷರವಾಗಿ ಕಿವಿಗೆ ಬಿದ್ದಿರಬೇಕು. ಹೀಗೆ ಭಾಗವತನು ರಂಗದ ಸೂತ್ರಧಾರನಾಗಿದ್ದಂತೆಯೇ ತುಳುನಾಡಿನ ಕನ್ನಡದ ಮೇಷ್ಟರೂ ಆಗಿದ್ದನು.

ಮೂಡಬಿದಿರೆಯ ಮಟ್ಟಿಗೆ ಇದು ಹೊಸ ಸಂಗತಿಯಲ್ಲ. ಸಾಂಗತ್ಯವೆಂಬ ಹಾಡುಗಬ್ಬದ ಛಂದಸ್ಸಿನಲ್ಲಿ ‘ಭರತೇಶ ವೈಭವ’ವನ್ನು ರಚಿಸಿದ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ಇದೇ ಊರಿನಲ್ಲಿದ್ದವನು. ತುಳುನಾಡಿನಲ್ಲಿ ಕನ್ನಡ ಕಾವ್ಯವು ಓದುವ ಕಣ್ಣಿಗಿಂತ ಹೆಚ್ಚಾಗಿ ಕೇಳುವ ಕಿವಿಯನ್ನು ನಂಬಿ ಬಾಳಿದೆ. ಆದಕಾರಣ ಇಲ್ಲಿಯ ಕೇಳುಗನು ಹಾಡುಗಾರನಲ್ಲಿ ಮೊದಲು ಅಪೇಕ್ಷಿಸುವುದು ಇಂಪನ್ನಲ್ಲ, ಸ್ಪಷ್ಟತೆಯನ್ನು. ಇಂಪು ತರುವಾಯದ ಮಾತು.

೩

ಬಲಿಪರ ಹಾಡುಗಾರಿಕೆಯು ಈ ಅಪೇಕ್ಷೆಯನ್ನು ಹೇಗೆ ಪೂರೈಸಿತೆಂಬುದನ್ನು ಇನ್ನು ನೋಡೋಣ. ಅವರ ಧ್ವನಿಮುದ್ರಣವನ್ನು ಮೊದಲ ಸಲ ಕೇಳುವ ಹೊರಗಿನವನಿಗೆ ಅದು ಒರಟಾಗಿ ತೋರುವ ಸಂಭವವಿದೆ. ಧ್ವನಿ ಎತ್ತರದಲ್ಲಿಯೇ ನಿಲ್ಲುತ್ತದೆ, ಕರ್ಣಾಟಕ ಸಂಗೀತದ ಕಚೇರಿಗಳಲ್ಲಿ ಕೇಳುವಂತಹ ದೀರ್ಘ ಆಲಾಪನೆಗೆ ಅಲ್ಲಿ ಎಡೆಯಿಲ್ಲ, ಗಮಕಗಳು ಮಿತವಾಗಿವೆ. ಇವೆಲ್ಲ ಕೊರತೆಗಳೇ ಎಂದು ಕೇಳಿದರೆ ಸಂಗೀತ ಕಚೇರಿಯ ಅಳತೆಗೋಲಿನಿಂದ ಹೌದು. ಆದರೆ ಅಳತೆಗೋಲನ್ನು ಆರಿಸುವಾಗಲೇ ವಿಮರ್ಶಕನ ಪರೀಕ್ಷೆಯಾಗುತ್ತದೆ. ಯಕ್ಷಗಾನದಲ್ಲಿ ಪದ್ಯವು ಒಂದು ಕಥಾಸಂದರ್ಭದ ಅಂಗ. ಅದು ಯಾರು, ಯಾರಿಗೆ, ಏತಕ್ಕೆ ಹೇಳುವ ಮಾತೆಂಬುದು ತಿಳಿಯದಿದ್ದರೆ ವೇಷಧಾರಿಯ ಕುಣಿತವೂ ಅರ್ಥಗಾರಿಕೆಯೂ ನೆಲೆಯಿಲ್ಲದೆ ತೂಗಾಡುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಾಳದ ಕಟ್ಟಿಗೆ ಹೊಂದಿಸುವಾಗ ಹಾಡುಗಾರನು ಪದಗಳನ್ನು ಮುರಿಯಲೇಬೇಕಾಗುತ್ತದೆ. ಹೇಗೆ ಮುರಿಯುತ್ತಾನೆಂಬುದರ ಮೇಲೆ ಅರ್ಥದ ಉಳಿವು ನಿಂತಿದೆ. ಉದಾಹರಣೆಗೆ ‘ಅರಸನಾಜ್ಞೆ’ ಎಂಬಂತಹ ಸಂಧಿಪದವನ್ನು ತೆಗೆದುಕೊಳ್ಳಬಹುದು. ‘ಅರಸ’ ಎಂಬಲ್ಲಿ ಉಸಿರು ತೆಗೆದು, ‘ನಾಜ್ಞೆ’ ಎಂಬುದನ್ನು ಎಳೆದು ಹಾಡಿದರೆ ಸ್ವರಕ್ಕೆ ಭಂಗವಿಲ್ಲ, ಆದರೆ ಕೇಳುಗನಿಗೆ ಅಲ್ಲಿ ಒಂದು ಅರ್ಥಹೀನ ಶಬ್ದ ಉಳಿಯುತ್ತದೆ. ಬಲಿಪರ ಹಾಡುಗಾರಿಕೆಯಲ್ಲಿ ಇಂತಹ ಸ್ಖಲನ ಅಪೂರ್ವ. ತಾಳದ ಪೆಟ್ಟು ಬೀಳುವಲ್ಲಿ ಪದದ ಮೊದಲಕ್ಷರವೋ ಪ್ರಾಸಾಕ್ಷರವೋ ಇರುವಂತೆ ಅವರು ನೋಡಿಕೊಳ್ಳುತ್ತಾರೆ. ಉಸಿರನ್ನು ಅರ್ಥ ಮುಗಿಯುವಲ್ಲಿ ತೆಗೆಯುತ್ತಾರೆ. ಕನ್ನಡ ಪದ್ಯದ ದ್ವಿತೀಯಾಕ್ಷರ ಪ್ರಾಸವು ಹೀಗೆ ಕಿವಿಗೆ ಎದ್ದು ಕೇಳಿಸುತ್ತದೆ; ಕೇಳುಗನು ಮುಂದಿನ ಸಾಲನ್ನು ನಿರೀಕ್ಷಿಸುವಂತಾಗುತ್ತದೆ. ಈ ನಿರೀಕ್ಷೆಯೇ ಅವನನ್ನು ಎಚ್ಚರವಾಗಿರಿಸುವುದು.

ಇನ್ನೊಂದು ಗುಣ ‘ಪ್ರಸಂಗದ ನಡೆ’ಗೆ ಸಂಬಂಧಿಸಿದ್ದು. ಮುದ್ರಿತ ಪ್ರಸಂಗದ ಪದ್ಯಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಹಾಡಲಾಗದು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು, ಯುದ್ಧದ ಪದ್ಯವನ್ನು ಯಾವ ಕಾಲದಲ್ಲಿ ಎತ್ತಿಕೊಳ್ಳಬೇಕು, ಕರುಣದ ಪದ್ಯಕ್ಕೆ ಎಷ್ಟು ಬಿಡುವು ಕೊಡಬೇಕು ಎಂಬುದೆಲ್ಲ ಭಾಗವತನ ತೀರ್ಮಾನ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿರಲಿ, ಮುದ್ದಣನ ‘ಕುಮಾರವಿಜಯ’ವಿರಲಿ, ಪುಸ್ತಕವು ಕೊಡುವುದು ಸಾಮಗ್ರಿಯನ್ನು ಮಾತ್ರ, ಅದನ್ನು ರಾತ್ರಿಯ ಉದ್ದಕ್ಕೆ ಹಾಸುವವನು ಭಾಗವತ. ಬಲಿಪರು ಅಸಂಖ್ಯ ಪದ್ಯಗಳನ್ನು ನೆನಪಿನಲ್ಲಿಟ್ಟಿದ್ದವರು. ಸ್ವತಃ ಅನೇಕ ಪ್ರಸಂಗಗಳನ್ನು ರಚಿಸಿದವರು. ಸಾಮಾನ್ಯವಾಗಿ ಒಂದು ರಾತ್ರಿಯಲ್ಲಿ ಮುಗಿಯುವ ದೇವೀಮಹಾತ್ಮೆಯನ್ನು ಐದು ದಿನಗಳ ಪ್ರಸಂಗವಾಗಿ ಅವರು ಬರೆದುದು ಪ್ರಸಿದ್ಧವಾಗಿದೆ. ಕಥೆಯನ್ನು ಕುಗ್ಗಿಸುವ ಒತ್ತಾಯ ಎಲ್ಲೆಡೆಯೂ ಹೆಚ್ಚುತ್ತಿದ್ದ ಕಾಲದಲ್ಲಿ ಒಬ್ಬ ಭಾಗವತನು ಅದನ್ನು ಐದು ಪಟ್ಟು ಹಿಗ್ಗಿಸಿದನೆಂಬುದು ಸಾಮಾನ್ಯ ಸಂಗತಿಯಲ್ಲ. ವಿವರದಲ್ಲಿ ಅವರಿಗಿದ್ದ ನಂಬಿಕೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

೪

ಈಗ ಧ್ವನಿಸುರುಳಿಯ ವಿಚಾರಕ್ಕೆ ಬರೋಣ. ಫಿಲಿಪ್ಸ್ ಸಂಸ್ಥೆಯವರು ಧ್ವನಿಸುರುಳಿಯ ಕ್ಯಾಸೆಟ್ಟನ್ನು ಜಗತ್ತಿಗೆ ಪರಿಚಯಿಸಿದ್ದು ೧೯೬೩ರಲ್ಲಿ. ನಮ್ಮ ಕರಾವಳಿಯಲ್ಲಿ ಅದು ಮನೆಮಾತಾದುದು ೧೯೭೦ ಮತ್ತು ೧೯೮೦ರ ದಶಕಗಳಲ್ಲಿ. ಕೊಲ್ಲಿ ದೇಶಗಳಿಗೆ ದುಡಿಯಹೋದವರು ಊರಿಗೆ ಬರುವಾಗ ರೇಡಿಯೋ ಮತ್ತು ಟೇಪ್‌ರೆಕಾರ್ಡರು ಕೂಡಿದ ಪೆಟ್ಟಿಗೆಗಳನ್ನು ತಂದ ತರುವಾಯ. ೧೯೭೬ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಆಕಾಶವಾಣಿಯ ನಿಲಯವು ಯಕ್ಷಗಾನ ತಾಳಮದ್ದಳೆಗಳನ್ನು ಪ್ರಸಾರಮಾಡಿ, ವೇಷವನ್ನು ಕಾಣದೆ ಯಕ್ಷಗಾನವನ್ನು ಕಿವಿಯಿಂದಲೇ ಸವಿಯುವ ಅಭ್ಯಾಸವನ್ನು ಬಲಪಡಿಸಿತ್ತು. ಧ್ವನಿಸುರುಳಿಯು ಈ ಅಭ್ಯಾಸವನ್ನು ಕೇಳುಗನ ಇಚ್ಛೆಗೆ ಒಳಪಡಿಸಿತು. ಬೇಕಾದ ಪದ್ಯವನ್ನು ಬೇಕಾದ ಹೊತ್ತಿಗೆ, ಬೇಕಾದಷ್ಟು ಸಲ ಕೇಳಬಹುದಾಯಿತು.

ಕೇಳುವ ಸನ್ನಿವೇಶಗಳೂ ಬದಲಾದುವು. ಬಂಟ್ವಾಳ, ಮೂಡಬಿದಿರೆಗಳ ಮನೆಯಂಗಳದಲ್ಲಿ ಬೀಡಿ ಕಟ್ಟುವ ಹೆಂಗಸರು, ಅಡಕೆ ಸುಲಿಯುವ ಆಳುಗಳು, ಬೆಳ್ತಂಗಡಿಯ ಘಟ್ಟದಡಿಯ ಊರುಗಳಿಗೆ ಓಡುವ ಸರ್ವಿಸ್ ಜೀಪಿನ ಪ್ರಯಾಣಿಕರು, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ತುಳುವರು, ಇವರೆಲ್ಲ ಹೊಸ ಸಭಾಸದರಾದರು. ಆಟದ ಗದ್ದೆಯಲ್ಲಿ ಕುಳಿತವನಿಗೆ ಆ ರಾತ್ರಿ ಬೇರೆ ಕೆಲಸವಿಲ್ಲ. ಈ ಹೊಸ ಸಭಾಸದರಾದರೋ ಕೈಯಲ್ಲಿ ಕೆಲಸವಿಟ್ಟುಕೊಂಡೇ ಕೇಳುವವರು. ಕಣ್ಣೂ ಕೈಯೂ ದುಡಿಮೆಯಲ್ಲಿರುವಾಗ ಕಿವಿಗೆ ಮಾತ್ರ ಬಿಡುವು. ಇಂತಹ ಕಿವಿಗೆ ಮಾತು ಸ್ಪಷ್ಟವಾಗಿರುವ, ಕಥೆ ಮುಂದೆ ಸಾಗುವ ಹಾಡು ಹಿಡಿಸುವುದು ಸಹಜ. ಬಲಿಪರ ಹಾಡನ್ನು ಧ್ವನಿಸುರುಳಿಯಲ್ಲಿ ಕೇಳಿದವರು ಅದನ್ನು ಆಟದ ನೆನಪಿಗಾಗಿ ಮಾತ್ರ ಕೇಳಿದರೆಂದು ಹೇಳಲಾಗದು. ಕೆಲಸದ ಜತೆಗಾರನಾಗಿ ಅದು ಬೇರೆ ಅನೇಕ ಇಂಪಾದ ಹಾಡುಗಳಿಗಿಂತ ಹೆಚ್ಚು ಬಾಳಿಕೆ ಬಂದಿತು.

ಆದರೂ ಧ್ವನಿಸುರುಳಿ ಯಾವ ಹಾಡುಗಾರಿಕೆಗೂ ನಿಷ್ಪಕ್ಷಪಾತವಾದ ಪಾತ್ರೆಯಲ್ಲ. ಅದರ ಪ್ರಕೃತಿಯು ಒಂದು ಬಗೆಯ ಧ್ವನಿಗೆ ಅನುಕೂಲ, ಇನ್ನೊಂದಕ್ಕೆ ಪ್ರತಿಕೂಲ. ಧ್ವನಿಗ್ರಾಹಕವು ಬಾಯಿಯ ಹತ್ತಿರವಿದ್ದಾಗ ಮೆಲುದನಿಯ ಒನಪುಗಳು ಚೆನ್ನಾಗಿ ಮೂಡುತ್ತವೆ. ಬಯಲಿಗೆಂದು ತಿದ್ದಿದ ಗಂಟಲು ಮುಚ್ಚಿದ ಕೋಣೆಯಲ್ಲಿ ಇಕ್ಕಟ್ಟಿಗೆ ಸಿಲುಕುತ್ತದೆ. ಬಡಗುತಿಟ್ಟಿನ ಗುಂಡ್ಮಿ ಕಾಳಿಂಗ ನಾವಡರ ಹಾಡುಗಳನ್ನು ಇಲ್ಲಿ ಹೋಲಿಕೆಗೆ ತೆಗೆದುಕೊಳ್ಳಬಹುದು. ೧೯೫೮ರಲ್ಲಿ ಹುಟ್ಟಿ ೧೯೯೦ರಲ್ಲಿಯೇ ಅಪಘಾತದಲ್ಲಿ ಮಡಿದ ಆ ಭಾಗವತರ ಕಂಠದ ಮೋಹಕತೆಗೂ ಹೊಸ ಮಟ್ಟುಗಳಿಗೂ ಧ್ವನಿಸುರುಳಿಯು ಹೇಳಿಮಾಡಿಸಿದಂತಿತ್ತು. ಅವರ ಖ್ಯಾತಿ ಜಿಲ್ಲೆಯ ಗಡಿಗಳನ್ನು ದಾಟಿ ಹಬ್ಬಿದುದರಲ್ಲಿ ಆಶ್ಚರ್ಯವಿಲ್ಲ. ಬಲಿಪರಿಗೆ ಈ ಅನುಕೂಲವಿರಲಿಲ್ಲ. ಯಂತ್ರವು ಒಲಿಯದ ಧ್ವನಿಯೊಂದು ಯಂತ್ರದ ಮೂಲಕವೇ ಜನರನ್ನು ಒಲಿಸಿಕೊಂಡಿತೆಂಬುದೇ ಇಲ್ಲಿ ವಿವರಣೆಯನ್ನು ಬೇಡುವ ಅಂಶ. ಕೇವಲ ಕಂಠದ ಗುಣದಿಂದ ಇದನ್ನು ವಿವರಿಸಲಾಗದೆಂದು ನಾವು ಮೊದಲೇ ಹೇಳಿದ್ದರ ಅಭಿಪ್ರಾಯ ಇದೇ.

೫

ಇನ್ನುಳಿದ ಎರಡು ಉತ್ತರಗಳನ್ನೂ ಪರೀಕ್ಷಿಸಬೇಕು. ಹಳೆಯ ನೆನಪೇ ಈ ಪ್ರೀತಿಗೆ ಕಾರಣವೆನ್ನುವುದಾದರೆ, ನೆನಪಿಗೆ ವಿವೇಚನೆ ಇರಬಾರದು. ಹಳೆಯದೆಲ್ಲವೂ ಅದಕ್ಕೆ ಸಮಾನವಾಗಿ ಸವಿಯಾಗಿರಬೇಕು. ನಾವು ಕಾಣುವುದು ಹಾಗಲ್ಲ. ಈ ಕೇಳುಗರು ಕಟುವಾದ ವಿಮರ್ಶಕರು. ಒಂದೇ ಪದ್ಯವನ್ನು ಅಗರಿ ಶ್ರೀನಿವಾಸ ಭಾಗವತರ ಕ್ರಮದಲ್ಲಿ ಹಾಡುವುದು ಹೇಗೆ, ಬಲಿಪರ ಕ್ರಮದಲ್ಲಿ ಹೇಗೆ, ರಾಗಸಂಚಾರವನ್ನು ಹೆಚ್ಚಾಗಿ ಬಳಸುವ ಇತರರಲ್ಲಿ ಹೇಗೆ ಎಂದು ಅವರು ಹೋಲಿಸಿ ವಾದಿಸುತ್ತಾರೆ. ಬಿಟ್ಟುಹೋದ ಪದ್ಯವನ್ನು ಗುರುತಿಸುತ್ತಾರೆ. ಉಡುಪಿಯ ಪಾವಂಜೆ ಗುರುರಾಯರ ಪ್ರಕಟಣೆಗಳಂತಹ ಅಗ್ಗದ ಪ್ರಸಂಗ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಇದ್ದುದರಿಂದ ಪಾಠವನ್ನು ತಾಳೆನೋಡುವ ಅನುಕೂಲವೂ ಅವರಿಗಿತ್ತು. ಅದೇ ಬಲಿಪರ ಒಂದು ಧ್ವನಿಮುದ್ರಣವನ್ನು ಮೆಚ್ಚಿ ಇನ್ನೊಂದನ್ನು ಅಷ್ಟಾಗಿ ಮೆಚ್ಚದವರೂ ಇದ್ದಾರೆ. ಕೇವಲ ಹಂಬಲದಲ್ಲಿರುವವನು ಹೀಗೆ ತೂಗಿನೋಡುವುದಿಲ್ಲ.

ಭಕ್ತಿಯ ಉತ್ತರ ಇದಕ್ಕಿಂತ ಗಟ್ಟಿಯಾದುದು. ಕಟೀಲು ಮೇಳದ ಆಟ ಹರಕೆಯ ಆಟ. ನಂದಿನಿ ನದಿಯ ನಡುವೆ ನೆಲಸಿದ ದೇವಿಗೆ ಹರಕೆ ಹೊತ್ತವರು ಸೇವೆಗಾಗಿ ವರ್ಷಗಳ ಕಾಲ ಸರದಿ ಕಾಯುತ್ತಾರೆ. ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಪ್ರತಿ ರಾತ್ರಿ ಯಾವುದೋ ಒಂದು ಮನೆಯ ನಂಬಿಕೆಯ ಫಲವಾಗಿ ರಂಗಸ್ಥಳವೇರುತ್ತದೆ. ಈ ಸಂದರ್ಭದಲ್ಲಿ ಭಾಗವತನ ಪದ್ಯಕ್ಕೆ ಪ್ರಾರ್ಥನೆಯ ಗೌರವ ಬಂದರೆ ಅಚ್ಚರಿಯಿಲ್ಲ. ಆದರೆ ಈ ಗೌರವವು ಮೇಳದ ಭಾಗವತರೆಲ್ಲರಿಗೂ ಸಲ್ಲುವಂತಹುದು. ಒಬ್ಬರಿಗೆ ಮಾತ್ರ ಸಲ್ಲುವುದಲ್ಲ. ಹರಕೆಯು ಕೇಳುಗನನ್ನು ಗದ್ದೆಗೆ ಕರೆತಂದೀತು. ಮುಂಜಾವದ ಮೂರು ಗಂಟೆಯ ನಿದ್ದೆಯನ್ನು ಕಳೆದು ಕಿವಿಯನ್ನು ತೆರೆದಿಡಿಸುವ ಶಕ್ತಿ ಹಾಡುಗಾರನದೇ ಆಗಿರಬೇಕು. ವಾಡಿಕೆಯಂತೆ ಪೂರ್ವರಂಗವನ್ನೂ ಆರಂಭದ ಕಥಾಭಾಗವನ್ನೂ ಕಿರಿಯ ಭಾಗವತರು ನಡೆಸಿಕೊಟ್ಟು, ನಡುರಾತ್ರಿ ಕಳೆದ ಮೇಲೆ ಪ್ರಧಾನ ಭಾಗವತರು ಜಾಗಟೆ ಹಿಡಿಯುತ್ತಾರೆ. ಅಂದರೆ ಪ್ರೇಕ್ಷಕನ ದೇಹ ಅತ್ಯಂತ ದಣಿದಿರುವ ಹೊತ್ತಿಗೆ ಕಥೆಯ ಅತ್ಯಂತ ಭಾರವಾದ ಭಾಗವನ್ನು ಎತ್ತುವ ಕೆಲಸ ಅವರ ಪಾಲಿಗೆ ಬರುತ್ತದೆ. ಎತ್ತರದ ಶ್ರುತಿ, ಒಡೆಯದ ಪದ, ತಪ್ಪದ ಕಾಲ, ಇವುಗಳ ನಿಜವಾದ ಉಪಯೋಗ ಗೊತ್ತಾಗುವುದು ಆ ಹೊತ್ತಿನಲ್ಲಿ.

೬

ಇಲ್ಲಿಯೇ ಧ್ವನಿಸುರುಳಿಯ ಮೇಲೆ ನಮ್ಮ ಮುಖ್ಯ ಆಕ್ಷೇಪವಿದೆ. ಅದು ಪದವನ್ನು ಉಳಿಸಿಕೊಟ್ಟಿತು, ಮಟ್ಟನ್ನು ಉಳಿಸಿಕೊಟ್ಟಿತು, ಉದ್ದವನ್ನು ಉಳಿಸಿಕೊಡಲಿಲ್ಲ. ಸಾಮಾನ್ಯವಾದ ಒಂದು ಕ್ಯಾಸೆಟ್ಟಿನ ಅವಧಿ ೬೦ ನಿಮಿಷ, ಮಗ್ಗುಲಿಗೆ ೩೦. ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಬೆಳಗಿನ ಆರಕ್ಕೆ ಮುಗಿಯುವ ಆಟವನ್ನು ಹಿಡಿದಿಡಲು ೯ ಸುರುಳಿಗಳು, ೧೮ ಮಗ್ಗುಲುಗಳು, ನಡುವೆ ೧೭ ನಿಲುಗಡೆಗಳು ಬೇಕು. ಮಾರಾಟಕ್ಕೆ ಇದು ಒಗ್ಗುವ ಮಾತಲ್ಲ. ಆದುದರಿಂದ ‘ಆಯ್ದ ಪದ್ಯ’ಗಳ ಪದ್ಧತಿ ಬಂದಿತು. ದಾಸ್ಯ, ಶೃಂಗಾರ, ವೀರ, ಕರುಣ ಎಂದು ಒಂದೊಂದು ರಸಕ್ಕೆ ಒಂದೆರಡು ಪದ್ಯಗಳನ್ನು ಬೇರೆಬೇರೆ ಪ್ರಸಂಗಗಳಿಂದ ಕಿತ್ತು ಪೋಣಿಸಿದರು. ಇಂದು ಮೊಬೈಲಿನಲ್ಲಿ ಓಡಾಡುವ ತುಣುಕುಗಳು ಇದನ್ನೇ ಇನ್ನಷ್ಟು ಕಿರಿದುಗೊಳಿಸಿವೆ. ಹೀಗೆ ಕಿತ್ತ ಪದ್ಯದಲ್ಲಿ ಕಂಠಮಾಧುರ್ಯವುಳ್ಳವನು ಗೆಲ್ಲುತ್ತಾನೆ. ನಡೆಯನ್ನು ಬಲ್ಲವನು ಸೋಲುತ್ತಾನೆ. ತುಣುಕುಗಳನ್ನು ಮಾತ್ರ ಕೇಳಿ ಬೆಳೆದ ವಿದ್ಯಾರ್ಥಿಯು ‘ಬಲಿಪರ ಹಾಡು ಏಕತಾನವಾಗಿದೆ’ ಎಂದರೆ ಅವನನ್ನು ದೂರಿ ಫಲವಿಲ್ಲ. ದೇವಾಲಯದ ಒಂದು ಕಂಬವನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿ, ಅದು ತುಂಬಾ ದಪ್ಪವಾಗಿದೆ ಎಂದಂತೆ ಅದು. ಅದು ಹೊತ್ತಿದ್ದ ಭಾರ ಅಲ್ಲಿ ಕಾಣುವುದಿಲ್ಲ.

ಹೊರದೇಶದ ಒಂದು ಉದಾಹರಣೆ ಈ ಸಂದರ್ಭದಲ್ಲಿ ಬೋಧಪ್ರದವಾಗಿದೆ. ೧೯೩೩ರಿಂದ ೧೯೩೫ರವರೆಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸ ಮಿಲ್ಮನ್ ಪ್ಯಾರಿಯು ಯುಗೊಸ್ಲಾವಿಯದ ಹಳ್ಳಿಗಳಲ್ಲಿ ವೀರಗಾಥೆಗಳ ಹಾಡುಗಾರರನ್ನು ಧ್ವನಿಮುದ್ರಿಸಿದನು. ಅವನ ಅಲ್ಯುಮಿನಿಯಂ ತಟ್ಟೆಗಳಲ್ಲಿ ಹಾಡಿನ ಕೆಲವೇ ನಿಮಿಷಗಳು ಹಿಡಿಯುತ್ತಿದ್ದುವು. ಹಾಡು ಕಡಿಯಬಾರದೆಂದು ಅವನು ಎರಡು ಯಂತ್ರಗಳನ್ನಿಟ್ಟು, ಒಂದು ತಟ್ಟೆ ಮುಗಿಯುವಷ್ಟರಲ್ಲಿ ಇನ್ನೊಂದನ್ನು ಓಡಿಸಿ, ಸಾವಿರಾರು ಸಾಲುಗಳ ಕಥನಗಳನ್ನು ಅಖಂಡವಾಗಿ ದಾಖಲಿಸಿದನು. ಚೆನ್ನಾದ ನಾಲ್ಕು ಹಾಡುಗಳನ್ನು ಆರಿಸಿಕೊಂಡು ಬಂದಿದ್ದರೆ ಅವನಿಗೆ ಹಾಡುಗಾರರ ಕಂಠಗಳು ದೊರೆಯುತ್ತಿದ್ದುವು. ಕಥೆಯನ್ನು ಕಟ್ಟುವ ಅವರ ಕೌಶಲ ದೊರೆಯುತ್ತಿರಲಿಲ್ಲ. ಹೋಮರನ ಕಾವ್ಯದ ವಿಚಾರದಲ್ಲಿ ಅವನ ಶೋಧನೆಗೆ ಆಧಾರವಾದುದು ಈ ಉದ್ದವೇ.

ಉದ್ದದ ಪ್ರಶ್ನೆ ನಮ್ಮಲ್ಲಿ ಇಂದು ಬರಿಯ ಧ್ವನಿಮುದ್ರಣದ ಪ್ರಶ್ನೆಯಾಗಿ ಉಳಿದಿಲ್ಲ. ಧರ್ಮಸ್ಥಳ ಮೇಳವೂ ಸೇರಿದಂತೆ ಅನೇಕ ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ ೨೦೦೦ದ ಶಬ್ದಮಾಲಿನ್ಯ ನಿಯಮಗಳ ಕಾರಣದಿಂದ ೨೦೨೨ರ ತಿರುಗಾಟದಲ್ಲಿ ಕಟೀಲು ಮೇಳಗಳ ಆಟವೂ ಕಾಲಮಿತಿಗೆ ಒಳಪಟ್ಟಿತು. ೨೦೨೪ರ ಜನವರಿಯಲ್ಲಿ ಇಡೀ ರಾತ್ರಿಯ ಆಟ ಮರಳಿ ಬಂದಿತು. ಕಾಲಮಿತಿಯನ್ನು ಒಪ್ಪುವವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮರುದಿನ ಕೆಲಸಕ್ಕೆ ಹೋಗಬೇಕಾದವನ, ಪರೀಕ್ಷೆಗೆ ಓದುವ ಮಗುವಿನ ಕಷ್ಟ ನಿಜವಾದುದೇ. ಧ್ವನಿವರ್ಧಕವೇ ಇಲ್ಲದ ಕಾಲಕ್ಕಾಗಿ ರೂಪುಗೊಂಡ ಹಾಡುಗಾರಿಕೆಯ ಗತಿಯನ್ನು ಇಂದು ಧ್ವನಿವರ್ಧಕದ ನಿಯಮ ನಿರ್ಣಯಿಸುತ್ತಿದೆ ಎಂಬುದು ಮಾತ್ರ ಇತಿಹಾಸದ ಒಂದು ವ್ಯಂಗ್ಯ.

ಈ ಶೈಲಿಯ ಭವಿಷ್ಯದ ಮಾತೂ ಇದೆ. ತಂದೆಯ ಕ್ರಮವನ್ನು ಮುಂದುವರಿಸಿಕೊಂಡು ಬಂದಿದ್ದ ಬಲಿಪ ಪ್ರಸಾದ ಭಾಗವತರು ೨೦೨೨ರಲ್ಲಿ, ತಂದೆಗಿಂತ ಮುಂಚೆಯೇ, ತೀರಿಕೊಂಡರು. ಮತ್ತೊಬ್ಬ ಮಗ ಬಲಿಪ ಶಿವಶಂಕರ ಭಾಗವತರೂ ಹಾಡುಗಾರರೇ. ಆದರೂ ಹಿರಿಯರ ಬಾಯಿಂದ ನೇರವಾಗಿ ಕಲಿಯುವ ದಾರಿ ಕಿರಿದಾಗಿರುವಾಗ ಧ್ವನಿಮುದ್ರಣಗಳ ಮೇಲೆ ಬೀಳುವ ಹೊಣೆ ಹೆಚ್ಚುತ್ತದೆ. ಅವುಗಳ ಸ್ಥಿತಿ ಹೇಗಿದೆ? ಆಟದ ಗದ್ದೆಯಲ್ಲಿ ಅಭಿಮಾನಿಗಳು ತಾವಾಗಿ ಮಾಡಿಕೊಂಡ ಮುದ್ರಣಗಳೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳವು. ಅವುಗಳಲ್ಲಿ ಮಗುವಿನ ಅಳು, ಚೆಂಡೆಯ ಹೊಡೆತ, ಕಡಲೆ ಮಾರುವವನ ಕೂಗು ಎಲ್ಲವೂ ಸೇರಿವೆ. ಆದರೆ ಕಥೆಯ ನಡೆ ಮುರಿಯದೆ ಉಳಿದಿದೆ. ಇವು ಖಾಸಗಿ ಮನೆಗಳ ಕಪಾಟುಗಳಲ್ಲಿವೆ. ಮಳೆಗಾಲದ ತೇವಕ್ಕೆ ಸುರುಳಿಗಳು ಬೂಸಲು ಹಿಡಿಯುತ್ತಿವೆ. ಎಷ್ಟೋ ಸುರುಳಿಗಳ ಮೇಲೆ ಊರಿನ ಹೆಸರಿಲ್ಲ, ತಾರೀಖಿಲ್ಲ, ಮದ್ದಳೆ ಚೆಂಡೆಗಳಿಗೆ ಕುಳಿತವರ ಹೆಸರಿಲ್ಲ. ತಾರೀಖಿಲ್ಲದ ಶಾಸನವನ್ನು ಲಿಪಿಯ ಆಧಾರದಿಂದ ಕಾಲನಿರ್ಣಯ ಮಾಡುವುದುಂಟು. ತಾರೀಖಿಲ್ಲದ ಧ್ವನಿಯ ಕಾಲವನ್ನು ಹೇಳಬಲ್ಲವರು ಆ ರಾತ್ರಿ ಅಲ್ಲಿದ್ದ ಮುದುಕರು ಮಾತ್ರ.

ಈ ಕೆಲಸದಲ್ಲಿ ನಮ್ಮ ಕಾಲೇಜುಗಳು ಕೈಹಾಕಬಹುದು. ಇದಕ್ಕೆ ದೊಡ್ಡ ಹಣವಾ ದೊಡ್ಡ ಯೋಜನೆಯಾ ಬೇಕಾಗಿಲ್ಲ. ಪಾಣೆಮಂಗಳೂರು, ವೇಣೂರು, ಉಜಿರೆ, ಮೂಡಬಿದಿರೆಗಳ ಸುತ್ತಿನಿಂದ ಬರುವ ವಿದ್ಯಾರ್ಥಿಗಳು ತಮ್ಮ ನೆರೆಯ ಮನೆಗಳಲ್ಲಿರುವ ಸುರುಳಿಗಳ ಪಟ್ಟಿಮಾಡಲಿ. ಒಡೆಯರ ಒಪ್ಪಿಗೆಯಿಂದ ಪ್ರತಿ ತೆಗೆಯಲಿ. ತುಣುಕು ಮಾಡದೆ ಇಡೀ ರಾತ್ರಿಯನ್ನು ತೆಗೆಯಲಿ. ಪ್ರಸಂಗ, ಸ್ಥಳ, ಹರಕೆಯ ಸಂದರ್ಭ, ಹಿಮ್ಮೇಳದವರು, ಪದ್ಯಗಳ ಅನುಕ್ರಮ, ಇವನ್ನು ಹಿರಿಯ ಕೇಳುಗರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ. ಮುದ್ರಿತ ಪ್ರಸಂಗದೊಡನೆ ತಾಳೆನೋಡಿ ಭಾಗವತರು ಯಾವ ಪದ್ಯವನ್ನು ಬಿಟ್ಟರು, ಯಾವುದನ್ನು ಉಳಿಸಿಕೊಂಡರು ಎಂದು ಗುರುತಿಸಿದರೆ, ‘ಬಲಿಪ ಶೈಲಿ’ ಎಂಬ ಮಾತಿನ ಅರ್ಥ ಬರಿಯ ಕಂಠದ ವರ್ಣನೆಯಾಗಿ ಉಳಿಯದೆ ಕಥೆಯನ್ನು ನಡೆಸುವ ಒಂದು ವಿಧಾನವಾಗಿ ಸ್ಪಷ್ಟವಾದೀತು. ಬೀಡಿ ಕಟ್ಟುತ್ತ, ಅಡಕೆ ಸುಲಿಯುತ್ತ ಆ ಹಾಡುಗಳನ್ನು ಕೇಳಿದವರಿಗೆ ಈ ಅರ್ಥ ಮೊದಲೇ ತಿಳಿದಿತ್ತು. ಅವರು ಬಲ್ಲುದನ್ನು ಬರೆಹಕ್ಕೆ ಇಳಿಸುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ. ಅವರು ನಮ್ಮ ನಡುವೆ ಇರುವಾಗಲೇ ಅದು ಆಗಬೇಕು.